ಓದುಗರ ಪ್ರಶ್ನೆ: ಸುಟ್ಟ ಸೋಗೆ ಎಲ್ಲಿಗೆ ಹೋಯ್ತು?

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ನಮ್ಮ ಕಾಸರಗೋಡು ಕಡೆಯವು, ಅದರಲ್ಲೂ ಹೆಚ್ಚಿನವು ತೋಟ, ಹಟ್ಟಿ, ಬಾವಿ ಸುತ್ತಲೇ ತಿರುಗ್ತವೆ. ಹಾಗಾಗಿ ಒಟ್ಟಿಗೇ ತೆಗೊಂಡೆ.

ಪ್ರಶ್ನೆ: ತೋಟದಲ್ಲಿ ಬಿದ್ದ ಸೋಗೆ, ತರಗೆಲೆ ಎಲ್ಲ ರಾಶಿ ಹಾಕಿ ಬೆಂಕಿ ಕೊಟ್ಟೆ. ಆಳೆತ್ತರ ಇದ್ದದ್ದು ಎರಡು ಬುಟ್ಟಿ ಬೂದಿ ಆಯ್ತು, ಅದನ್ನು ಬುಡಕ್ಕೆ ಹಾಕಿದೆ. ಪ್ಲಸ್ ಟು ಓದುವ ಮಗಳು "ಗೊಬ್ಬರ ಎಲ್ಲ ಗಾಳಿಗೆ ಬಿಟ್ರಲ್ಲ ಅಪ್ಪಾ" ಅಂತ ನಗಾಡ್ತಾಳೆ. ಗಾಳಿಗೆ ಹೋದದ್ದು ತಿರುಗಿ ಬರ್ತದಲ್ವಾ, ಚಕ್ರ ಅಂತ ಅವಳ ಪಾಠದಲ್ಲೇ ಉಂಟಲ್ಲ?
(ಬದಿಯಡ್ಕ ಹತ್ತಿರದ ಅಡಿಕೆ ಕೃಷಿಕರು)

ಮಗಳು ಹೇಳಿದ್ದೇ ಸಮ ಅಣ್ಣ, ಬೇಜಾರು ಮಾಡ್ಬೇಡಿ. ತಿರುಗಿ ಬರ್ತದೆ ಅನ್ನೋದೂ ಸುಳ್ಳಲ್ಲ, ಆದ್ರೆ ಎಲ್ಲವೂ ಒಂದೇ ನಮೂನೆ ಬರೋದಿಲ್ಲ. ಸೋಗೆಯಲ್ಲಿದ್ದ ನೀರಿನ ಚಿಂತೆ ಬಿಡಿ, ಆವಿಯಾಗಿ ಗಾಳಿ ಸೇರಿದ ನೀರು ಸರಾಸರಿ 9-10 ದಿನದಲ್ಲಿ ಎಲ್ಲಾದ್ರೂ ಮಳೆಯಾಗಿಯೋ ಇಬ್ಬನಿಯಾಗಿಯೋ ಕೆಳಗಿಳೀತದೆ, ನಿಮ್ಮ ತೋಟದಲ್ಲೇ ಇಳೀತದೆ ಅಂತ ಗ್ಯಾರಂಟಿ ಕೊಡ್ಲಿಕ್ಕಾಗುದಿಲ್ಲ ಅಷ್ಟೆ. ಕಾರ್ಬನ್ನು ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಹೋಯ್ತು, ಮರಗಳು ಬಿಸಿಲು ಬಿದ್ದ ಕೂಡ್ಲೇ ಗಾಳಿಯಿಂದ ಅದನ್ನು ಎಳ್ಕೊಳ್ತವೆ. ಮಣ್ಣಿಗೆ ಸೇರಬೇಕಾದ ಕಪ್ಪು ಸಾರ ಸೇರದೆ ಹೋಯ್ತು, ಅದು ನಷ್ಟವೇ. ಆದ್ರೆ ನಿಜವಾಗಿ ಕೈಕೊಡೋದು ನೈಟ್ರೋಜನ್.

ನೈಟ್ರೋಜನ್‌ಗೆ ಬರ ಅಂತಲ್ಲ, ಗಾಳಿಯ 78 ಶೇಕಡಾ ಅದೇ. ತೂಕದ ಲೆಕ್ಕ ಹಾಕಿದ್ರೆ ಒಂದು ಚದರ ಮೀಟರ್ ನೆಲದ ಮೇಲೆ, ಅಂದ್ರೆ ಹೆಚ್ಚುಕಮ್ಮಿ ಒಂದು ಅಡಿಕೆ ಬುಡದಷ್ಟು ಜಾಗದ ಮೇಲೆ, ಆಕಾಶದ ತನಕ 7 ಟನ್ನಿಗಿಂತ ಜಾಸ್ತಿ ನೈಟ್ರೋಜನ್ ಉಂಟು. ಉಂಟು ಅಂತ ಹೇಳಿ ಎಂತ ಪ್ರಯೋಜನ ಮಾರಾಯ್ರೇ, ಬಾವಿ ತುಂಬ ನೀರು, ಹಗ್ಗ ಇಲ್ಲ ಅನ್ನೋ ಕತೆ. ಎರಡೆರಡು ಪರಮಾಣುಗಳು ಒಂದನ್ನೊಂದು ಮೂರು ಕಟ್ಟು ಹಾಕಿ ಹಿಡ್ಕೊಂಡಿರ್ತವೆ, ಅದನ್ನು ಬಿಡಿಸುವ ತಾಕತ್ತು ಅಡಿಕೆ ಮರಕ್ಕೂ ಇಲ್ಲ, ತೆಂಗಿಗೂ ಇಲ್ಲ. ಸಿಡಿಲಿಗೆ ಉಂಟು, ತುಲಾ ತಿಂಗಳ ಗುಡುಗು ಮಳೆ ಬಂದ್ರೆ ಗಿಡ ಹಸುರಾಗ್ತದೆ ಅಂತ ಹಿರಿಯರು ಹೇಳೋದರಲ್ಲಿ ಸ್ವಲ್ಪ ಹುರುಳುಂಟು, ಆದ್ರೆ ಸಿಡಿಲಿನ ಪಾಲು ಸಣ್ಣದು. ದೊಡ್ಡ ಕೆಲಸ ಬ್ಯಾಕ್ಟೀರಿಯಾಗಳದ್ದು. ರಬ್ಬರ್ ತೋಟದಲ್ಲಿ ನೆಲ ಮುಚ್ಚಲಿಕ್ಕೆ ಬಿಡ್ತಾರಲ್ಲ ಮುಕುನಾ ಬಳ್ಳಿ, ಅದರದ್ದೋ ಗದ್ದೆಯ ಉದ್ದು, ಹೆಸರಿನದ್ದೋ ಬೇರು ಕಿತ್ತು ನೋಡಿ, ಸಣ್ಣ ಸಣ್ಣ ಗಂಟುಗಳಿರ್ತವೆ, ಆ ಬ್ಯಾಕ್ಟೀರಿಯಾಗಳು ಇರೋದು ಅದರೊಳಗೆ, ಉಗುರಲ್ಲಿ ಒಡೆದ್ರೆ ಒಳಗೆ ನಸುಗೆಂಪು. ಕೆಲಸ ನಡೀತಾ ಉಂಟು ಅಂತ ಅರ್ಥ, ಒಳಗೆ ಬೂದುಬಣ್ಣ ಇದ್ರೆ ಆ ಗಂಟು ಸುಮ್ನೆ ಕೂತಿದೆ ಅಂತ.

ಮನುಷ್ಯರಿಗೆ ಈ ವಿದ್ಯೆ ಸಿಕ್ಕಿದ್ದು ಭಾರಿ ತಡವಾಗಿ. ಗಾಳಿಯ ನೈಟ್ರೋಜನ್ನಿಂದ ಅಮೋನಿಯಾ ಮಾಡೋದನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಲ್ಯಾಬಿನಲ್ಲಿ ಮಾಡಿ ತೋರಿಸಿದ್ರು, ಕಾರ್ಲ್ ಬಾಷ್ ಅದನ್ನು ಫ್ಯಾಕ್ಟರಿ ಮಟ್ಟಕ್ಕೆ ತಂದು 1913ರಲ್ಲಿ ಒಪ್ಪೌ ಅನ್ನೋ ಊರಲ್ಲಿ ಶುರು ಮಾಡಿದ್ರು, 400-500 ಡಿಗ್ರಿ ಬಿಸಿ, ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಒತ್ತಡ, ಅಷ್ಟೆಲ್ಲ ಬೇಕು. ಉದ್ದಿನ ಬೇರು ಅದೇ ಕೆಲಸವನ್ನು ಮಣ್ಣಿನ ತಂಪಲ್ಲಿ ಸದ್ದಿಲ್ಲದೆ ಮಾಡ್ತದೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ. ನೀವು ತರುವ ಯೂರಿಯಾದ 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ನೈಟ್ರೋಜನ್, ಅದರ ಹಿಂದೆ ಅಷ್ಟು ಬೆಂಕಿ ಉಂಟು. ನೀವು ಬೆಂಕಿ ಕೊಟ್ಟಾಗ ಸೋಗೆಯ ನೈಟ್ರೋಜನ್ನಿನ ಹೆಚ್ಚಿನ ಪಾಲು ಗಾಳಿಗೇ ವಾಪಸ್ ಹೋಗಿ ಪುನಃ ಆ ಮೂರು ಕಟ್ಟು ಹಾಕ್ಕೊಂಡು ಕೂತಿತು. ಪೊಟ್ಯಾಷ್, ಸುಣ್ಣದ ಅಂಶ ಬೂದಿಯಲ್ಲಿ ಉಳಿದಿದೆ, ಹಾಗಾಗಿ ಬೂದಿ ದಂಡ ಅಲ್ಲ. ಆದ್ರೆ ಅದನ್ನು ಹಸಿ ಹಟ್ಟಿಗೊಬ್ಬರಕ್ಕೋ ಯೂರಿಯಾಕ್ಕೋ ಬೆರೆಸ್ಬೇಡಿ, ಬೂದಿಯ ಕ್ಷಾರಕ್ಕೆ ಇದ್ದ ಅಮೋನಿಯಾನೂ ಎದ್ದು ಹೋಗ್ತದೆ.

ಪ್ರಶ್ನೆ: ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದ್ರೆ ಮೂಗು ಚುರ್ರ್ ಅಂತದೆ, ಕಣ್ಣಲ್ಲಿ ನೀರು. ಅತ್ತೆ ಇರುವಾಗ ಹೀಗಿರಲಿಲ್ಲ. ಹಿಂಡಿ ಬದಲಾಯಿಸಿದ್ದಕ್ಕಾ?
(ಮುಳ್ಳೇರಿಯದ ಓದುಗರು)

ಅಕ್ಕಾ, ಹಿಂಡಿಯ ಮೇಲೆ ಆಮೇಲೆ ಸಂಶಯ ಪಡುವ, ಮೊದ್ಲು ಹೇಳಿ, ಅತ್ತೆ ದನದ ಕಾಲಡಿಗೆ ದಿನಾ ಸೊಪ್ಪು, ತರಗೆಲೆ ಹಾಕ್ತಿದ್ರಲ್ವಾ? ಈಗ ಸಿಮೆಂಟು ನೆಲ, ಪೈಪಲ್ಲಿ ತೊಳೆಯೋದು, ಸರಿಯಾ? ದನದ ಮೂತ್ರದಲ್ಲಿ ಇರೋದೂ ಯೂರಿಯಾನೇ, ಸೆಗಣಿಯ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡ್ತವೆ, ಮೂಗಿಗೆ ಹೊಡೆಯೋದು ಅದು, ಅಂದ್ರೆ ನಿಮ್ಮ ದುಡ್ಡೇ ಹಾರಿ ಹೋಗುವ ವಾಸನೆ ಅಂತ ಇಟ್ಕೊಳ್ಳಿ. ಸೊಪ್ಪು ತರಗೆಲೆಯಲ್ಲಿ ಕಾರ್ಬನ್ ಜಾಸ್ತಿ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಮೈ ಬೆಳೆಸ್ಲಿಕ್ಕೆ ನೈಟ್ರೋಜನ್ ಬೇಕೇ ಬೇಕು, ಅವು ಆ ಅಮೋನಿಯಾವನ್ನು ಹಿಡಿದು ತಮ್ಮೊಳಗೆ ಸೇರಿಸಿಕೊಳ್ತವೆ, ಆಮೇಲೆ ಅವು ಸತ್ತಾಗ ನಿಧಾನಕ್ಕೆ ಬೇರಿಗೆ ಸಿಗ್ತದೆ. ಮೂತ್ರವನ್ನು ಸೊಪ್ಪು ಹೀರಿ ಹಿಡ್ಕೊಳ್ಳೋದು ಬೇರೆ. ಅತ್ತೆಗೆ ಕೆಮಿಸ್ಟ್ರಿ ಗೊತ್ತಿತ್ತೋ ಇಲ್ವೋ, ಕೈಗೆ ಗೊತ್ತಿತ್ತು.

ಪ್ರಶ್ನೆ: ಮಿಲ್ಲಿನಿಂದ ಮರದ ಹುಡಿ ತಂದು ಬದನೆ ಬುಡಕ್ಕೆ ಸೇರಿಸಿ ಅಗೆದೆ, ಗಿಡ ಎಲ್ಲ ಹಳದಿ!
(ಮಂಜೇಶ್ವರ)

ಮೇಲಿನ ಉತ್ತರದ ಉಲ್ಟಾ ಇದು. ಮರದ ಹುಡಿಯಲ್ಲಿ ಕಾರ್ಬನ್ನಿಗೆ ಹೋಲಿಸಿದ್ರೆ ನೈಟ್ರೋಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಸೂಕ್ಷ್ಮಜೀವಿಗಳು ಹುಡಿ ತಿನ್ಲಿಕ್ಕೆ ಬೇಕಾದ ನೈಟ್ರೋಜನ್ನನ್ನು ಮಣ್ಣಿಂದ, ಅಂದ್ರೆ ಬದನೆಯ ಬಟ್ಟಲಿಂದ ಎತ್ಕೊಂಡ್ವು. ಹುಡಿಯನ್ನು ಮಣ್ಣಿಗೆ ಬೆರೆಸ್ಬೇಡಿ, ಮೇಲಿಂದ ಹೊದಿಕೆ ಹಾಗೆ ಹಾಕಿ. ಈಗ ಸ್ವಲ್ಪ ಕಡಲೆಹಿಂಡಿ ನೀರು ಕೊಡಿ, ಸುಧಾರಿಸ್ತದೆ.

ಪ್ರಶ್ನೆ: ಮರದ ತೂಕ ಎಲ್ಲ ಮಣ್ಣಿಂದ ಬರೋದಾದ್ರೆ ಮರದ ಬುಡದಲ್ಲಿ ಗುಂಡಿ ಬೀಳ್ಬೇಕಿತ್ತಲ್ಲ?
(ಪೆರ್ಲ, ಒಂಬತ್ತನೇ ಕ್ಲಾಸಿನ ಹುಡುಗಿ)

ಶಾಭಾಸ್ ಮಗಾ. ಇದೇ ಸಂಶಯದಲ್ಲಿ ವಾನ್ ಹೆಲ್ಮಾಂಟ್ ಅನ್ನುವವರು ಸುಮಾರು 90 ಕಿಲೋ ಒಣಮಣ್ಣನ್ನು ತೂಗಿ ಚಟ್ಟಿಗೆ ಹಾಕಿ ಒಂದು ವಿಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ್ರು. ಗಿಡ 2 ಕಿಲೋ ಚಿಲ್ಲರೆ ಇದ್ದದ್ದು 76 ಕಿಲೋ ಆಯ್ತು, ಮಣ್ಣು ಕಮ್ಮಿ ಆದದ್ದು ಹೆಚ್ಚು ಅಂದ್ರೆ 60 ಗ್ರಾಂ! ಎಲ್ಲ ನೀರಿಂದ ಬಂತು ಅಂತ ತೀರ್ಮಾನ ಮಾಡಿದ್ರು, 1648ರಲ್ಲಿ ಅಚ್ಚಾದ ವಿಷಯ ಇದು. ಅರ್ಧ ತಪ್ಪು. ಒಣಗಿದ ಮರದ ತೂಕದ ಸುಮಾರು ಅರ್ಧ ಕಾರ್ಬನ್, ಅದು ಪೂರ್ತಿ ಗಾಳಿಯಿಂದ ಬಂದದ್ದು. ಹತ್ತು ಸಾವಿರದಲ್ಲಿ ನಾಲ್ಕು ಪಾಲು ಮಾತ್ರ ಇರುವ ಕಾರ್ಬನ್ ಡೈಆಕ್ಸೈಡಿಂದ ಅಷ್ಟು ದಪ್ಪದ ಹಲಸಿನ ಮರ! ಆ ನಾಲ್ಕು ಪಾಲು ಕಲ್ಲಿದ್ದಲು, ಪೆಟ್ರೋಲು ಸುಡುವ ಕಾಲಕ್ಕೆ ಮೊದ್ಲು ಮೂರಕ್ಕಿಂತ ಕಮ್ಮಿ ಇತ್ತು, ಕೋಟಿಗಟ್ಟಲೆ ವರ್ಷ ನೆಲದೊಳಗಿದ್ದದ್ದನ್ನು ನಾವು ಇನ್ನೂರು ಮುನ್ನೂರು ವರ್ಷದಲ್ಲಿ ಮೇಲೆ ತಂದದ್ದು.

ಪ್ರಶ್ನೆ: ವರ್ಷಕ್ಕೆ ಇಷ್ಟು ಮಳೆ ಬಂದೂ ಮಾರ್ಚಿಗೆ ತೋಡು ಒಣಗೋದ್ಯಾಕೆ, ಅಜ್ಜ ತೋಡಿದ ಸುರಂಗದಲ್ಲಿ ಮಾತ್ರ ನೀರು ಬರೋದ್ಯಾಕೆ?
(ಬಾಯಾರು)

ನಮ್ಮಲ್ಲಿ ವರ್ಷಕ್ಕೆ 3 ಮೀಟರಿಗೂ ಮಿಕ್ಕಿ ಮಳೆ, ಆದ್ರೆ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ, ಗುಡ್ಡೆಯಿಂದ ಸಮುದ್ರಕ್ಕೆ ದೂರವೂ ಇಲ್ಲ, ಬಿದ್ದ ನೀರು ಓಡಿಯೇ ಹೋಗ್ತದೆ. ಮುರಕಲ್ಲಿನ ತೂತುಗಳಲ್ಲಿ ಇಂಗಿದ್ದು ಮಾತ್ರ ಉಳೀತದೆ, ಅದು ಕೆಳಗೆ ನೀರು ಇಳಿಯಲು ಬಿಡದ ಶೇಡಿ ಮಣ್ಣು ಸಿಕ್ಕಿದಲ್ಲಿ ತಡೆದು ಅಡ್ಡಕ್ಕೆ ಹರೀತದೆ, ಅಜ್ಜ ಸುರಂಗ ಕೊರೆದದ್ದು ಆ ಅಡ್ಡ ದಾರಿಗೆ. ಗುಡ್ಡೆಯ ನೆತ್ತಿ ಜೆಸಿಬಿಯಲ್ಲಿ ಸಮತಟ್ಟು ಮಾಡಿದ್ರೆ, ಮುರಕಲ್ಲು ಕಡಿದು ಲಾರಿ ತುಂಬಿಸಿದ್ರೆ ಸುರಂಗವೂ ಮುಗೀತು. ತೋಡಿಗೆ ಮಳೆ ಬಿಟ್ಟ ಮೇಲೆ ಕಟ್ಟ ಹಾಕಿ, ಅಂದ್ರೆ ನೀರು ನಿಲ್ಲಿಸುವ ಒಡ್ಡು, ಹೇಗೆ ಅಂತ ಏತಡ್ಕದ ಕಡೆಯಲ್ಲಿ ಕಟ್ಟ ಹಾಕುವವರನ್ನು ಕೇಳಿ.

ಪ್ರಶ್ನೆ: ಅಮೆಜಾನ್ ಕಾಡು ನಮಗೆ 20 ಶೇಕಡಾ ಆಕ್ಸಿಜನ್ ಕೊಡ್ತದೆ ಅಂತ ವಾಟ್ಸಾಪಲ್ಲಿ ಬಂತು, ನಿಜವಾ?
(ಕುಂಬ್ಳೆ)

ಅಲ್ಲ. ಆ ಕಾಡು ಮಾಡಿದ್ದನ್ನು ಹೆಚ್ಚುಕಮ್ಮಿ ಆ ಕಾಡೇ ಉಸಿರಾಡಿ, ಕೊಳೆಸಿ ಮುಗಿಸ್ತದೆ. ಕಾಡು ಬೇಕು, ಕಾರಣ ಬೇರೆ.

ಪ್ರಶ್ನೆ: ತೋಟಕ್ಕೆ ಹಾಕಿದ ಯೂರಿಯಾ ಬಾವಿಗೆ ಇಳೀತದಾ? ನಾವು ಕುದಿಸಿಯೇ ಕುಡಿಯೋದು, ಹಾಗಾಗಿ ತೊಂದ್ರೆ ಇಲ್ಲ ಅಲ್ವಾ?
(ನೀರ್ಚಾಲು)

ಇಳೀತದೆ. ಮಣ್ಣಲ್ಲಿ ಅದು ನೈಟ್ರೇಟ್ ಆದ ಮೇಲೆ ಮಳೆನೀರಿನ ಜೊತೆ ಸಲೀಸಾಗಿ ಜಾರ್ತದೆ, ಅದ್ರಿಂದ ಜಡಿಮಳೆಯಲ್ಲಿ ಯೂರಿಯಾ ಹಾಕೋದು ಬಾವಿಗೆ ಹಾಕಿದ ಹಾಗೆಯೇ. ಹಟ್ಟಿಯ ಗೊಬ್ಬರಗುಂಡಿ ಬಾವಿ ಕಟ್ಟೆಯ ಹತ್ತಿರ ಇದ್ರೆ ಅಲ್ಲಿಂದಲೂ ಬರ್ತದೆ. ಕುಡಿಯೋ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ನಮ್ಮ ದೇಶದ ಮಿತಿ, ಮೀರಿದ್ರೆ ಬಾಟ್ಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ ಅಪಾಯ, ರಕ್ತಕ್ಕೆ ಆಕ್ಸಿಜನ್ ಹೊರಲಿಕ್ಕಾಗದೆ ಮೈ ನೀಲಿಯಾಗ್ತದೆ. ಮತ್ತೆ ಕುದಿಸೋ ವಿಷಯ. ಕುದಿಸಿದ್ರೆ ಕ್ರಿಮಿ ಸಾಯ್ತದೆ, ನೈಟ್ರೇಟ್ ಸಾಯೋದಿಲ್ಲ, ನೀರು ಆವಿಯಾಗಿ ಹೋದ ಹಾಗೆ ಉಳಿದ ನೀರಲ್ಲಿ ಅದು ಇನ್ನೂ ದಪ್ಪ ಆಗ್ತದೆ. ಮನೆಯಲ್ಲಿ ಸಣ್ಣ ಮಗು ಇದ್ರೆ ಒಮ್ಮೆ ನೀರು ಟೆಸ್ಟ್ ಮಾಡಿಸಿ, ರಿಪೋರ್ಟ್ ಬರುವ ತನಕ ಮಗುವಿನ ಹಾಲುಪುಡಿಗೆ ಬೇರೆ ನೀರು ಹಾಕಿ.