ಎಂಟು ವರ್ಷಕ್ಕೇ ಹಲ್ಲಿಗೆ ಕ್ಲಿಪ್ ಬೇಕೇ?

ಬೇಸಿಗೆ ರಜೆ ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೂ ಈ ಅಂಕಣಕ್ಕೆ ಬರುವ ಅಂಚೆಯಲ್ಲೂ ಒಂದೇ ಪ್ರಶ್ನೆ. ಮಗುವಿನ ಹಲ್ಲು ಸೊಟ್ಟಗಿದೆ, ಈಗಲೇ ಕ್ಲಿಪ್ ಹಾಕಿಸಬೇಕೋ, ಕಾಯಬೇಕೋ? ಈ ಸಲ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದರಿಂದ ಊರಿನ ಹೆಸರಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ ಎಂಟು ವರ್ಷ ನಾಲ್ಕು ತಿಂಗಳು. ಮೇಲಿನ ಎರಡು ಮುಂಬಾಚಿಹಲ್ಲುಗಳ ನಡುವೆ ಸಂದು ಬಿಟ್ಟಿದೆ. ಪಕ್ಕದ ಹಲ್ಲುಗಳು ಬೀಸಣಿಗೆಯ ಹಾಗೆ ಹೊರಕ್ಕೆ ವಾಲಿವೆ. ಈಗ ಒಂದು ವರ್ಷ, ಹನ್ನೆರಡಕ್ಕೆ ಮತ್ತೆ ಒಂದೂವರೆ ವರ್ಷ ಕ್ಲಿಪ್ ಹಾಕಬೇಕು ಎಂದು ಒಂದು ಕಡೆ ಹೇಳಿದ್ದಾರೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಈಗಲೇ ಹಾಕಿಸು’ ಎನ್ನುವುದು ನಮ್ಮ ಅತ್ತೆಯವರ ಮಾತು. ಯಜಮಾನರಿಗೆ ಎರಡೆರಡು ಸಲದ ಖರ್ಚಿನ ಚಿಂತೆ. ಏನು ಮಾಡಲಿ? — ತರೀಕೆರೆ

ಉತ್ತರ: ಅತ್ತೆಯವರ ಗಾದೆ ಬುದ್ಧಿ ಕಲಿಸುವ ವಿಷಯಕ್ಕೆ ಸರಿ. ಹಲ್ಲು ಮಾತ್ರ ಆ ಗಾದೆಗೆ ಜಗ್ಗುವ ಜಾತಿಯಲ್ಲ. ಬೇರಿನ ಒಂದು ಪಕ್ಕಕ್ಕೆ ಹಗುರವಾಗಿ ಒತ್ತುತ್ತಾ ಹೋದರೆ ಅಲ್ಲಿ ಮೂಳೆ ಕರಗುತ್ತದೆ, ಹಿಂದಿನ ಪಕ್ಕದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಈ ಕೆಲಸಕ್ಕೆ ವಯಸ್ಸಿನ ಹಂಗಿಲ್ಲ. ಐವತ್ತು ದಾಟಿದವರ ಹಲ್ಲನ್ನೂ ನಾನು ಸರಿಸಿದ್ದೇನೆ. ಮರವಾದ ಮೇಲೆ ಬಗ್ಗದ್ದು ಬಾಯಿಯಲ್ಲಿ ಬೇರೊಂದಿದೆ, ಅದನ್ನು ಕೆಳಗೆ ಹುಬ್ಬಳ್ಳಿಯವರಿಗೆ ಹೇಳುತ್ತೇನೆ.

ನಿಮ್ಮ ಮಗಳದ್ದು ಬಹುಶಃ ತೊಂದರೆಯೇ ಅಲ್ಲ. ಈ ವಯಸ್ಸಿನಲ್ಲಿ ಶಾಶ್ವತ ಕೋರೆಹಲ್ಲುಗಳು ಇನ್ನೂ ಮೇಲೆ, ಮೂಗಿನ ಪಕ್ಕದ ಮೂಳೆಯೊಳಗೆ ಕುಳಿತಿರುತ್ತವೆ. ಅವು ಪಕ್ಕದ ಬಾಚಿಹಲ್ಲುಗಳ ಬೇರಿಗೆ ಒರಗಿಕೊಂಡೇ ಕೆಳಗಿಳಿಯುತ್ತವೆ. ಬೇರುಗಳು ಒಳಕ್ಕೆ ಒತ್ತಿಕೊಂಡಾಗ ಹಲ್ಲಿನ ತುದಿಗಳು ಹೊರಕ್ಕೆ ಹರಡುತ್ತವೆ, ನಡುವೆ ಸಂದು ಬೀಳುತ್ತದೆ. ಹನ್ನೊಂದು ಹನ್ನೆರಡಕ್ಕೆ ಕೋರೆಗಳು ಹೊರಬಂದಾಗ ಅವೇ ಹಲ್ಲುಗಳನ್ನು ನಡುವಿಗೆ ತಳ್ಳುತ್ತವೆ. ಎರಡು ಮಿಲಿಮೀಟರ್ ಒಳಗಿನ ಸಂದು ಸಾಮಾನ್ಯವಾಗಿ ತಾನಾಗಿಯೇ ಮುಚ್ಚುತ್ತದೆ. ಅಮೆರಿಕದ ಬ್ರಾಡ್‌ಬೆಂಟ್ ಎಂಬ ದಂತವೈದ್ಯರು 1937ರಲ್ಲೇ ಇದನ್ನು ‘ಕುರೂಪಿ ಬಾತುಮರಿಯ ಹಂತ’ ಎಂದು ಕರೆದರು. ಮಗುವಿನೆದುರು ಆ ಹೆಸರನ್ನು ಮಾತ್ರ ಎತ್ತಬೇಡಿ.

ಇದನ್ನು ಪುಸ್ತಕ ಓದಿಯಷ್ಟೇ ಹೇಳುತ್ತಿಲ್ಲ. ವೃತ್ತಿಗೆ ಬಂದ ಹೊಸದರಲ್ಲಿ ಒಂಬತ್ತು ವರ್ಷದ ಒಂದು ಹುಡುಗಿಗೆ ಇಂಥದ್ದೇ ಸಂದನ್ನು ಮುಚ್ಚಿಕೊಟ್ಟೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳ ಭರತನಾಟ್ಯ ಇತ್ತು, ತಾಯಿ ಅವಸರ ಮಾಡಿದರು, ನಾನೂ ಹುರುಪಿನಲ್ಲಿದ್ದೆ. ನಾಲ್ಕು ತಿಂಗಳಲ್ಲಿ ಹಲ್ಲು ಮುತ್ತು ಪೋಣಿಸಿದಂತಾಯಿತು. ಎರಡು ವರ್ಷದ ಮೇಲೆ ತೆಗೆದ ಎಕ್ಸ್-ರೇಯಲ್ಲಿ ಪಕ್ಕದ ಬಾಚಿಹಲ್ಲಿನ ಬೇರು ಅರ್ಧಕ್ಕೆ ಸವೆದಿತ್ತು. ಇಳಿಯುತ್ತಿದ್ದ ಕೋರೆಯ ದಾರಿಗೇ ನಾನು ಆ ಬೇರನ್ನು ತಳ್ಳಿದ್ದೆ. ಆ ಎಕ್ಸ್-ರೇ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಹಾಗೆಂದು ಎಲ್ಲ ಸಂದಿಗೂ ಕಾಯಬೇಕೆಂದಲ್ಲ. ಸಂದು ತೀರಾ ಅಗಲವಿದ್ದರೆ, ಅಥವಾ ಒಂದು ಮುಂಬಾಚಿಹಲ್ಲು ಬಂದು ಆರು ತಿಂಗಳಾದರೂ ಜೋಡಿಯದು ಬಾರದಿದ್ದರೆ, ಎಕ್ಸ್-ರೇ ತೆಗೆಸಿ. ಮೂಳೆಯೊಳಗೆ ಲೆಕ್ಕಕ್ಕಿಲ್ಲದ ಒಂದು ಹೆಚ್ಚುವರಿ ಹಲ್ಲು ಅಡ್ಡ ಕುಳಿತಿರಬಹುದು. ಏನೇ ಆದರೂ ಮೊಬೈಲಿನಲ್ಲಿ ಯಾರೋ ತೋರಿಸಿದರೆಂದು ಎರಡು ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ. ಹಲ್ಲಿನ ಬೇರು ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ, ಬ್ಯಾಂಡ್ ಜಾರಿ ವಸಡಿನೊಳಗೆ ಸೇರಿ ಕಣ್ಣಿಗೆ ಕಾಣದಂತಾಗುತ್ತದೆ, ಬೇರಿನ ಸುತ್ತಲಿನ ಮೂಳೆಯನ್ನು ತಿನ್ನುತ್ತಾ ಏರುತ್ತದೆ. ಹಾಗೆ ಅಲುಗಾಡುವ ಎರಡು ಒಳ್ಳೆಯ ಹಲ್ಲುಗಳನ್ನು ಹೊತ್ತು ಬಂದ ಹುಡುಗನೊಬ್ಬನನ್ನು ನೋಡಿದ್ದೇನೆ. ಎರಡನ್ನೂ ಉಳಿಸಲಾಗಲಿಲ್ಲ.

ಮಗಳಿಗೆ ಹತ್ತು ತುಂಬಿದಾಗ ಒಮ್ಮೆ ತೋರಿಸಿ. ಆ ಹೊತ್ತಿಗೆ ಹಾಲು ಕೋರೆಯ ಮೇಲೆ, ವಸಡಿನ ಮೇಲ್ಭಾಗದಲ್ಲಿ ಬೆರಳಾಡಿಸಿದರೆ ಕಡಲೆಕಾಳಿನಷ್ಟು ಉಬ್ಬು ಸಿಗಬೇಕು. ಸಿಗದಿದ್ದರೆ ಕೋರೆ ಅಂಗುಳದ ಕಡೆಗೆ ದಾರಿ ತಪ್ಪಿರಬಹುದು. ಆಗ ಸಕಾಲಕ್ಕೆ ಹಾಲು ಕೋರೆಯೊಂದನ್ನು ಕಿತ್ತರೂ ಸಾಕಾಗಬಹುದು. 1988ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಹೀಗೆ ಮಾಡಿದ 46 ಕೋರೆಗಳಲ್ಲಿ 36 ತಾವಾಗಿಯೇ ದಾರಿಗೆ ಬಂದವು. ಬೇಗ ತೋರಿಸಿ ಎಂದು ನಾನು ಹೇಳುವುದು ಇಂಥದ್ದಕ್ಕೆ.

ಎರಡು ಸಲ ಕ್ಲಿಪ್ ಎಂದವರನ್ನು ಒಂದೇ ಪ್ರಶ್ನೆ ಕೇಳಿ: ‘ಎರಡು ವರ್ಷ ಕಾದರೆ ಏನು ಕೆಡುತ್ತದೆ?’ ಕೆಡುವುದು ಇಂಥದ್ದು ಎಂದು ಬೆರಳಿಟ್ಟು ತೋರಿಸಿದರೆ ಯೋಚಿಸಿ. ‘ಬೇಗ ಮಾಡಿದಷ್ಟೂ ಒಳ್ಳೆಯದು’ ಎಂದಷ್ಟೇ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಬಲಗಡೆ ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತವೆ. ಅಂಗುಳಕ್ಕೆ ಸ್ಕ್ರೂ ಕೂರಿಸಿ ದಿನಾ ಕೀಲಿ ತಿರುಗಿಸಿ ದವಡೆ ಅಗಲ ಮಾಡಬೇಕಂತೆ. ಕೇಳಿಯೇ ನನ್ನ ಹೆಂಡತಿಗೆ ಊಟ ಸೇರುತ್ತಿಲ್ಲ. ದೊಡ್ಡವನಾದ ಮೇಲೆ ಮಾಡಿಸಿದರೆ ಆಗದೇ? — ಹುಬ್ಬಳ್ಳಿ

ಉತ್ತರ: ಆಗದು. ಇದನ್ನು ಈಗಲೇ ಮಾಡಿಸಿ.

ಮೊದಲು ಒಂದು ಪರೀಕ್ಷೆ. ಮಗನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಬಾಯಿ ದೊಡ್ಡದಾಗಿ ತೆರೆಸಿ, ನಿಧಾನವಾಗಿ ಮುಚ್ಚಲು ಹೇಳಿ. ಗದ್ದದ ಮೇಲೆ ಕಣ್ಣಿಡಿ. ಹಲ್ಲಿಗೆ ಹಲ್ಲು ಮೊದಲು ತಾಗುವವರೆಗೆ ಗದ್ದ ನೇರವಾಗಿ ಬಂದು, ಆಮೇಲೆ ಪಕ್ಕಕ್ಕೆ ಸರಿದು ಕೂತರೆ, ಮೇಲ್ದವಡೆ ಕಿರಿದಾಗಿದೆ, ಕೆಳದವಡೆ ಜಾಗ ಹುಡುಕಿಕೊಂಡು ವಾಲುತ್ತಿದೆ ಎಂದರ್ಥ. ಬೆಳೆಯುವ ಮಗು ದಿನವಿಡೀ ಹಾಗೆ ವಾಲಿಸಿಕೊಂಡೇ ಅಗಿದರೆ ದವಡೆ ಸೊಟ್ಟಗೆ ಬೆಳೆಯುವ ಭಯವಿದೆ.

ಈಗ ಆ ಗಾದೆಯ ಮರಕ್ಕೆ ಬರುತ್ತೇನೆ. ಅಂಗುಳದ ನಟ್ಟನಡುವೆ, ನಾಲಿಗೆ ಆಡಿಸಿದರೆ ಸಿಗುವ ಗೆರೆಯ ಕೆಳಗೆ, ಮೇಲ್ದವಡೆಯ ಎಡ ಬಲ ಹೋಳುಗಳು ಹೊಲಿಗೆ ಹಾಕಿದಂತೆ ಕೂಡಿರುತ್ತವೆ. ಚಿಕ್ಕ ಮಕ್ಕಳಲ್ಲಿ ಈ ಹೊಲಿಗೆ ಸಡಿಲ. ಹದಿಹರೆಯ ಕಳೆಯುತ್ತಾ ಹಲ್ಲುಗರಗಸಗಳೆರಡು ಕಚ್ಚಿಕೊಂಡಂತೆ ಗಟ್ಟಿಯಾಗುತ್ತದೆ. ಮುಂದೆ ಅದನ್ನು ಬಿಡಿಸಲು ಮೂಳೆಗೇ ಸ್ಕ್ರೂ ಹಾಕಬೇಕು, ಇಲ್ಲವೇ ಶಸ್ತ್ರಚಿಕಿತ್ಸೆ.

ಸ್ಕ್ರೂ ಎಂದರೆ ಅಂಗುಳಕ್ಕೆ ಕೊರೆಯುತ್ತಾರೆ ಎಂದು ನಿಮ್ಮ ಮನೆಯವರು ಅಂದುಕೊಂಡಿರಬೇಕು. ಈ ವಯಸ್ಸಿನಲ್ಲಿ ಹಾಗೇನಿಲ್ಲ. ಹಿಂದಿನ ಹಲ್ಲುಗಳಿಗೆ ಉಕ್ಕಿನ ಪಟ್ಟಿ ಅಂಟಿಸಿ, ನಡುವೆ ಪುಟ್ಟ ತಿರುಪು ಕೂರಿಸುತ್ತೇವೆ. ಕೀಲಿಯ ಒಂದು ತಿರುವಿಗೆ ಅದು ಕಾಲು ಮಿಲಿಮೀಟರ್ ಹಿಗ್ಗುತ್ತದೆ. ದಿನಕ್ಕೆ ಎಷ್ಟು ತಿರುವು ಎಂಬುದನ್ನು ನಿಮ್ಮ ವೈದ್ಯರು ಬರೆದುಕೊಡುತ್ತಾರೆ, ಉತ್ಸಾಹದಲ್ಲಿ ಒಂದು ಹೆಚ್ಚಿಗೆ ತಿರುಗಿಸಬೇಡಿ. ಕೀಲಿಗೆ ಉದ್ದನೆಯ ದಾರ ಕಟ್ಟಿ ಬೆರಳಿಗೆ ಸುತ್ತಿಕೊಳ್ಳಿ, ಕೈಜಾರಿದರೆ ಮಗು ನುಂಗಬಾರದು. ಮಗುವನ್ನು ಮಲಗಿಸಿಕೊಂಡು, ಟಾರ್ಚ್ ಹಿಡಿಯಲು ಇನ್ನೊಬ್ಬರನ್ನು ಕರೆದುಕೊಳ್ಳಿ. ಮೊದಲ ವಾರ ಜೊಲ್ಲು ಹೆಚ್ಚು, ಮಾತು ತೊದಲು. ಮುದ್ದೆ, ಅನ್ನ ಸಾರು, ಇಡ್ಲಿ ಸಲೀಸಾಗಿ ಇಳಿಯುತ್ತವೆ. ಚಿಕ್ಕಿ ಮತ್ತು ಅಂಟು ಚಾಕೊಲೇಟು ಬೇಡ.

ಒಂದೆರಡು ವಾರದಲ್ಲಿ ಮುಂಬಾಚಿಹಲ್ಲುಗಳ ನಡುವೆ ದಿಢೀರನೆ ಸಂದು ಕಾಣಿಸಿಕೊಳ್ಳಬಹುದು. ಆ ದಿನ ನನಗೆ ಫೋನ್ ಮಾಡದ ತಾಯಂದಿರು ಕಡಿಮೆ. ಹೊಲಿಗೆ ಬಿಟ್ಟಿತು ಎಂಬುದಕ್ಕೆ ಅದೇ ಗುರುತು. ತಿಂಗಳುಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಹಿಗ್ಗಿಸುವುದು ಮುಗಿದ ಮೇಲೂ ಹೊಸ ಮೂಳೆ ತುಂಬುವವರೆಗೆ ಕೆಲವು ತಿಂಗಳು ಆ ಸಾಧನ ಬಾಯಿಯಲ್ಲೇ ಇರಬೇಕು.

ಪ್ರಶ್ನೆ: ನನ್ನ ಮೊಮ್ಮಗನಿಗೆ ಆರೂವರೆ ವರ್ಷ. ಕೆಳಗಡೆ ಹಾಲುಹಲ್ಲು ಬೀಳುವ ಮೊದಲೇ ಹಿಂದಿನಿಂದ ಎರಡು ಹೊಸ ಹಲ್ಲು ಹುಟ್ಟಿವೆ. ಎರಡು ಸಾಲು ಹಲ್ಲು ಅಪಶಕುನವೇ? — ಪುತ್ತೂರು

ಉತ್ತರ: ಅಮ್ಮಾ, ಶಕುನ ಅಪಶಕುನ ಎರಡೂ ಅಲ್ಲ. ಕೆಳಗಿನ ಬಾಚಿಹಲ್ಲುಗಳು ಹಿಂದಿನಿಂದ ಹುಟ್ಟುವುದು ಬಹಳ ಮಾಮೂಲಿ. ಹಾಲುಹಲ್ಲು ಬಿದ್ದ ಮೇಲೆ ನಾಲಿಗೆಯೇ ಅವನ್ನು ಮುಂದಕ್ಕೆ ತಳ್ಳುತ್ತದೆ. ಹಾಲುಹಲ್ಲು ಅಲುಗುತ್ತಿದ್ದರೆ ಮೊಮ್ಮಗನ ಬೆರಳಿಗೇ ಆ ಕೆಲಸ ಬಿಡಿ. ಎರಡು ಮೂರು ತಿಂಗಳಾದರೂ ಅಲುಗದಿದ್ದರೆ ದಂತವೈದ್ಯರಲ್ಲಿ ಕೀಳಿಸಿ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಶಾಸ್ತ್ರ ನಿಮ್ಮಲ್ಲಿದ್ದರೆ ಅಗತ್ಯ ಮಾಡಿಸಿ, ನಾನೂ ಎಸೆದವಳೇ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಉಬ್ಬುಹಲ್ಲು. ತುಟಿ ಮುಚ್ಚುವುದಿಲ್ಲ. ತರಗತಿಯಲ್ಲಿ ‘ಮೊಲ’ ಎಂದು ಕರೆಯುತ್ತಾರೆಂದು ನಗುವುದನ್ನೇ ಬಿಟ್ಟಿದ್ದಾಳೆ. ಒಬ್ಬರು ಈಗಲೇ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಹನ್ನೆರಡಕ್ಕೆ ಬನ್ನಿ ಎನ್ನುತ್ತಾರೆ. — ಬೆಂಗಳೂರು

ಉತ್ತರ: ನಿಮಗೆ ಸಿಕ್ಕ ಇಬ್ಬರೂ ತಪ್ಪಿಲ್ಲ. ಈ ಜಗಳವನ್ನು ಬಗೆಹರಿಸಲೆಂದೇ ಅಮೆರಿಕದ ನಾರ್ತ್ ಕೆರೊಲಿನಾ, ಫ್ಲಾರಿಡಾ ಮತ್ತು ಬ್ರಿಟನ್ನಿನಲ್ಲಿ ಚೀಟಿ ಎತ್ತಿದಂತೆ ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ಬೇಗ, ಕೆಲವರಿಗೆ ಹದಿಹರೆಯದಲ್ಲಿ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ನೋಡಿದರು. ಕೊನೆಗೆ ಹಲ್ಲು, ದವಡೆ, ಮುಖ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಬೇಗ ಮಾಡಿದ್ದರಿಂದ ಉಳಿದ ಲಾಭ ಒಂದೇ: ಬಿದ್ದು ಮುಂಬಾಚಿಹಲ್ಲು ಮುರಿದುಕೊಳ್ಳುವುದು ಕಡಿಮೆಯಾಯಿತು.

ಹಾಗಾಗಿ ನಾನು ಅಳತೆಪಟ್ಟಿ ಹಿಡಿಯುತ್ತೇನೆ. ಮೇಲಿನ ಹಲ್ಲು ಕೆಳಗಿನದಕ್ಕಿಂತ ಆರೇಳು ಮಿಲಿಮೀಟರ್ ಮುಂದಿದ್ದು, ತುಟಿ ಮುಚ್ಚದೆ, ಮಗು ಸ್ಕೇಟಿಂಗ್, ಸೈಕಲ್ ಎಂದು ಓಡಾಡುವಂಥದ್ದಾದರೆ ಬೇಗ ಮಾಡುವುದಕ್ಕೆ ಅರ್ಥವಿದೆ. ಗೇಲಿಯೂ ಸಣ್ಣ ಕಾರಣವಲ್ಲ. ಬ್ರಿಟನ್ನಿನ ಪ್ರಯೋಗದಲ್ಲಿ ಬೇಗ ಚಿಕಿತ್ಸೆ ಪಡೆದ ಮಕ್ಕಳಿಗೆ ಆ ಹೊತ್ತಿಗೆ ತಮ್ಮ ಬಗ್ಗೆ ಭರವಸೆ ಹೆಚ್ಚಿತ್ತು. ಆದರೆ ಹನ್ನೆರಡಕ್ಕೆ ಎರಡನೇ ಸುತ್ತು ತಪ್ಪದಿರಬಹುದು, ಖರ್ಚೂ ಎರಡು ಸಲ. ಇದನ್ನು ಮಗಳನ್ನೂ ಕೂರಿಸಿಕೊಂಡು ಮಾತನಾಡಿ. ಹಾಕಿಕೊಳ್ಳುವವಳು ಅವಳು. ತೆಗೆದು ಹಾಕುವ ಸಾಧನವನ್ನು ಕರವಸ್ತ್ರದಲ್ಲಿ ಸುತ್ತಿ ಕ್ಯಾಂಟೀನಿನಲ್ಲಿ ಮರೆತು ಬಂದ ಮಕ್ಕಳ ಪಟ್ಟಿ ನನ್ನಲ್ಲಿ ಉದ್ದವಿದೆ.

ಚಿಕಿತ್ಸೆ ಯಾವಾಗಲಾದರೂ ಮಾಡಿಸಿ, ಇದನ್ನು ಮಾತ್ರ ಇಂದೇ ತಿಳಿದಿಟ್ಟುಕೊಳ್ಳಿ: ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಿದ್ದರೆ ಬೇರನ್ನು ಮುಟ್ಟದೆ ಎತ್ತಿ, ಉಜ್ಜದೆ ತೊಳೆದು ಅದೇ ಕುಳಿಗೆ ಕೂರಿಸಿ. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿಗೆ ಹಾಕಿಕೊಂಡು ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಿ. ಹಾಲುಹಲ್ಲನ್ನು ಹೀಗೆ ಕೂರಿಸಬಾರದು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮೊಮ್ಮಗಳಿಗೆ ಏಳು ತುಂಬಿತು. ಅಲ್ಲಿ ಆಗಲೇ ವಕ್ರದಂತ ತಜ್ಞರಿಗೆ ತೋರಿಸಿ ಎಂದರಂತೆ. ಹಣ ಕೀಳುವ ಉಪಾಯವೇ? — ಮೈಸೂರು

ಉತ್ತರ: ಅಲ್ಲ, ಸ್ವಾಮಿ. ಏಳಕ್ಕೊಮ್ಮೆ ತೋರಿಸಿ ಎನ್ನುವುದು ಅಲ್ಲಿನ ವಕ್ರದಂತ ತಜ್ಞರ ಸಂಘದ್ದೇ ಸಲಹೆ. ಆ ವಯಸ್ಸಿಗೆ ಮೊದಲ ಶಾಶ್ವತ ದವಡೆಹಲ್ಲು ಮತ್ತು ಕೆಲವು ಬಾಚಿಹಲ್ಲು ಬಂದಿರುತ್ತವೆ, ಕಚ್ಚುವ ರೀತಿ ತಿಳಿಯುತ್ತದೆ. ತೋರಿಸಿದ ಬಹುಪಾಲು ಮಕ್ಕಳಿಗೆ ‘ಮುಂದಿನ ವರ್ಷ ಬನ್ನಿ’ ಎಂಬುದೇ ಸರಿಯಾದ ಚಿಕಿತ್ಸೆ.

ಪ್ರಶ್ನೆ: ಏಳು ವರ್ಷದ ಮಗನ ಕೆಳಗಿನ ಹಾಲು ದವಡೆಹಲ್ಲು ಹುಳುಕಾಗಿದೆ. ಹೇಗೂ ಬೀಳುವ ಹಲ್ಲಿಗೆ ಸಾವಿರಗಟ್ಟಲೆ ಏಕೆ ಸುರಿಯಬೇಕು, ಕೀಳಿಸಿಬಿಡೋಣ ಎನ್ನುತ್ತಾರೆ ನಮ್ಮವರು. — ಹಿರಿಯೂರು

ಉತ್ತರ: ಅದು ಬೀಳಬೇಕಾದದ್ದು ಹತ್ತು ಹನ್ನೊಂದಕ್ಕೆ, ಈಗಲ್ಲ. ಆ ಹಲ್ಲಿನ ಹಿಂದೆ, ಯಾವ ಹಾಲುಹಲ್ಲೂ ಬೀಳದೆಯೇ ಆರನೇ ವರ್ಷಕ್ಕೆ ಒಂದು ದೊಡ್ಡ ಹಲ್ಲು ಬಂದಿದೆ ನೋಡಿ, ಅದು ಶಾಶ್ವತ ಹಲ್ಲು. ಮುಂದಿನ ಹಲ್ಲು ಕಿತ್ತರೆ ರಶ್ಶಿನ ಬಸ್ಸಿನಲ್ಲಿ ಖಾಲಿಯಾದ ಸೀಟಿಗೆ ಪಕ್ಕದವರು ಸರಿದಂತೆ ಅದು ಮುಂದಕ್ಕೆ ವಾಲುತ್ತದೆ. ಅಡಿಯಿಂದ ಬರಬೇಕಾದ ಹಲ್ಲಿಗೆ ಆಮೇಲೆ ಜಾಗವೇ ಇರುವುದಿಲ್ಲ. ಆದಷ್ಟೂ ಬೇರಿನ ಚಿಕಿತ್ಸೆ ಮಾಡಿಸಿ, ಮೇಲೊಂದು ಉಕ್ಕಿನ ಟೊಪ್ಪಿಗೆ ಹಾಕಿಸಿ ಉಳಿಸಿಕೊಳ್ಳಿ. ಉಳಿಯದಿದ್ದರೆ ಕೀಳಿಸಿದ ಬಳಿಕ ತಡಮಾಡದೆ ಜಾಗ ಕಾಯುವ ಸಾಧನ ಹಾಕಿಸಿ. ಒಂದು ಹಲ್ಲಿಗೆ ಪಟ್ಟಿ, ಅದರಿಂದ ಮುಂದಕ್ಕೆ ಚಾಚಿದ ತಂತಿಯ ಕುಣಿಕೆ, ಅಷ್ಟೇ. ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ. ಕುಣಿಕೆಯೊಳಗೆ ಹೊಸ ಹಲ್ಲಿನ ತುದಿ ಕಂಡ ದಿನ ಬಂದು ಅದನ್ನು ತೆಗೆಸಿಕೊಳ್ಳಿ.