ಹಳೆ ಕ್ಯಾಸೆಟ್ಟಿಗೆ ಹೊಸ ಕಿವಿ: ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮೂರ ರಾಮೋತ್ಸವದ ಕಛೇರಿಯೊಂದನ್ನು ತಂದೆಯವರು 1986ರಲ್ಲಿ ಕ್ಯಾಸೆಟ್ಟಿಗೆ ಹಿಡಿದಿದ್ದರು. ಈಗ ಹಾಕಿದರೆ ದನಿ ಕಂಬಳಿ ಹೊದ್ದಂತಿದೆ, ಜೊತೆಗೆ ‘ಸುಸ್’ ಸದ್ದು. ಮೃದಂಗವೂ ಜೋರು. ಅದನ್ನಷ್ಟೇ ತಗ್ಗಿಸಿ ರೀಮಾಸ್ಟರ್ ಮಾಡಬಹುದೇ?
– ಓದುಗರು, ಸಾಗರ

ಉತ್ತರ: ಮೃದಂಗವೊಂದನ್ನೇ ತಗ್ಗಿಸುವುದು ರೀಮಿಕ್ಸ್; ರೀಮಾಸ್ಟರ್ ಎಂದರೆ ಇಡೀ ಮುದ್ರಣವನ್ನು ಒಟ್ಟಾಗಿ ತಿದ್ದುವುದು. ರೀಮಿಕ್ಸಿಗೆ ಗಾಯನ, ಪಿಟೀಲು, ಮೃದಂಗ ಬೇರೆ ಬೇರೆ ಟ್ರ್ಯಾಕಿನಲ್ಲಿರಬೇಕು. ನಿಮ್ಮ ಟೇಪಿನಲ್ಲಿ ಎಲ್ಲ ಒಟ್ಟಿಗೇ ಕೂತಿವೆ. ದನಿ ಬೇರ್ಪಡಿಸುವ ಎಐ ತಂತ್ರಾಂಶಗಳು ಬಂದಿವೆಯಲ್ಲ ಎನ್ನಬಹುದು. ಆದರೆ ಅವುಗಳಲ್ಲಿ ಹಲವು ಹಾಡನ್ನು ಗಾಯನ, ಡ್ರಮ್ಸ್, ಬೇಸ್, ಉಳಿದದ್ದು ಎಂದು ನಾಲ್ಕು ಪಾಲು ಮಾಡುವಂಥವು. ಶ್ರುತಿಗೂಡಿದ ಮೃದಂಗದ ಪೆಟ್ಟು ಅರ್ಧ ಡ್ರಮ್ಸಿಗೆ, ಅರ್ಧ ಬೇಸಿಗೆ ಹಂಚಿಹೋಗುತ್ತದೆ. ಈಕ್ವಲೈಸರಿನಲ್ಲಿ (ತಗ್ಗು, ಎತ್ತರದ ದನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) 100 ಹರ್ಟ್ಸ್ ಆಸುಪಾಸು 2–3 ಡೆಸಿಬೆಲ್ ಇಳಿಸಿದರೆ ತೊಪ್ಪಿಯ, ಅಂದರೆ ಮೃದಂಗದ ಎಡ ಮುಖದ, ಗುಮ್ಮು ಕಡಿಮೆಯಾದೀತು. ಅಷ್ಟಕ್ಕೆ ತೃಪ್ತಿಪಡಿ.

ಮಂಕುತನಕ್ಕೆ ಮಾತ್ರ ಮದ್ದಿದೆ, ಅದು ಕಂಪ್ಯೂಟರಿನಲ್ಲಿಲ್ಲ, ಕ್ಯಾಸೆಟ್ ನುಡಿಸುವ ಡೆಕ್ಕಿನಲ್ಲಿದೆ. ಮೊದಲು ಕ್ಯಾಸೆಟ್ಟಿನ ಬಾಯಿಯಲ್ಲಿ, ಟೇಪಿನ ಹಿಂದೆ, ಸಣ್ಣ ಉಣ್ಣೆಯ ಪ್ಯಾಡ್ ಇದೆಯೇ ನೋಡಿ. ಅಂಟು ಒಣಗಿ ಅದು ಬಿದ್ದಿದ್ದರೆ ಟೇಪು, ಅದನ್ನು ಓದುವ ಹೆಡ್ಡಿಗೆ ಒತ್ತುವುದಿಲ್ಲ. ಟೇಪನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ಹಾಕಿಸಿ. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿ ಹೆಡ್ಡು ಒರೆಸಿ, ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ.

ಆಮೇಲೆ ಅಜಿಮುತ್, ಅಂದರೆ ಹೆಡ್ಡಿನ ಓರೆ. ಮುದ್ರಿಸಿದ ಯಂತ್ರದ ಓರೆಗೂ ನಿಮ್ಮ ಡೆಕ್ಕಿನ ಓರೆಗೂ ಕೂದಲೆಳೆ ವ್ಯತ್ಯಾಸ ಬಂದರೂ ತಾರದ ದನಿಗಳು (ಟ್ರೆಬಲ್) ಸಾಯುತ್ತವೆ. ಹೆಡ್ಡಿನ ಒಂದು ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಪುಟ್ಟ ಸ್ಕ್ರೂ ಇರುತ್ತದೆ. ಎರಡೂ ಚಾನಲ್ ಕೂಡಿಸಿ ಮೋನೊದಲ್ಲಿ ಕೇಳುತ್ತಾ ಅದನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸಿ. ತಂಬೂರಿಯ ಝೇಂಕಾರ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಈ ಹೆಜ್ಜೆ ಬಿಟ್ಟು ಈಕ್ವಲೈಸರಿನಲ್ಲಿ ಟ್ರೆಬಲ್ ಏರಿಸಿದರೆ ಏರುವುದು ‘ಸುಸ್’ ಒಂದೇ.

ಡೆಕ್ಕಿನ ಲೈನ್ ಔಟಿನಿಂದ ಕಂಪ್ಯೂಟರಿಗೆ 24 ಬಿಟ್, 96 ಕಿಲೊಹರ್ಟ್ಸಿನಲ್ಲಿ, ಮೀಟರಿನ ತುದಿ ಮೈನಸ್ 6 ಡೆಸಿಬೆಲ್ ದಾಟದಂತೆ ತುಂಬಿಸಿ. ಆ ಫೈಲನ್ನು ಹಾಗೇ ತೆಗೆದಿಟ್ಟು, ನಕಲಿನ ಮೇಲೆ ಕೆಲಸ ಮಾಡಿ. ವೇಗ ಸರಿಪಡಿಸುವುದು ಮೊದಲು: ಡೆಕ್ಕು ಶೇಕಡಾ 1 ಜೋರಾಗಿ ಓಡಿದರೂ ಶ್ರುತಿ ಸುಮಾರು 17 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಏರುತ್ತದೆ. ನಂತರ 50, 100, 150 ಹರ್ಟ್ಸಿನ ಕರೆಂಟಿನ ಗುಂಯ್‌ಗುಡಿಕೆ, ಕೊನೆಗೆ ‘ಸುಸ್’. ಇದನ್ನು 6–8 ಡೆಸಿಬೆಲ್ ಇಳಿಸಿದರೆ ಸಾಕು. ಪೂರ್ತಿ ಅಳಿಸಹೊರಟರೆ ತಂಬೂರಿ ಕರಗಿ, ದನಿ ನೀರೊಳಗಿಂದ ಬಂದಂತಾಗುತ್ತದೆ. ಅಂತರ್ಜಾಲದಲ್ಲಿ ‘ರೀಮಾಸ್ಟರ್ಡ್’ ಎಂದು ಸಿಗುವ ಎಷ್ಟೋ ಹಾಡುಗಳ ರೋಗ ಇದೇ.

ಪ್ರಶ್ನೆ: ಅಂಗಡಿಯಲ್ಲಿ ಕೊಂಡ ಭಾವಗೀತೆ ಕ್ಯಾಸೆಟ್ಟಿನ ಮೇಲೆ ಡಾಲ್ಬಿ ಬಿ ಎಂದಿದೆ. ಡೆಕ್ಕಿನ ಡಾಲ್ಬಿ ಗುಂಡಿ ಒತ್ತಿದರೆ ಮಂಕಾಗುತ್ತದೆ. ಒತ್ತದೆ ಇರಲೇ?
– ಓದುಗರು, ಹಾಸನ

ಉತ್ತರ: ಡಾಲ್ಬಿ ಬಿ ಎಂಬುದು ಟೇಪಿನ ‘ಸುಸ್’ ತಗ್ಗಿಸುವ ವ್ಯವಸ್ಥೆ. ಅದು ಮುದ್ರಿಸುವಾಗ ಮೆಲುದನಿಯ ಟ್ರೆಬಲ್ಲನ್ನು ಸುಮಾರು 10 ಡೆಸಿಬೆಲ್‌ವರೆಗೆ ಏರಿಸಿ, ನುಡಿಸುವಾಗ ಅಷ್ಟೇ ಇಳಿಸುತ್ತದೆ. ಹಳೆ ಟೇಪಿನಲ್ಲಿ ಟ್ರೆಬಲ್ ಮೊದಲೇ ಸೊರಗಿರುವುದರಿಂದ ಬೇಕಾದ್ದಕ್ಕಿಂತ ಹೆಚ್ಚು ಇಳಿಸಿಬಿಡುತ್ತದೆ. ಅಜಿಮುತ್ ಸರಿಪಡಿಸಿ ಮತ್ತೆ ಒತ್ತಿ ನೋಡಿ. ಆಗಲೂ ಮಂಕಾದರೆ ಗುಂಡಿ ಬಿಟ್ಟೇ ತುಂಬಿಸಿಕೊಂಡು, ಹೆಚ್ಚಾದ ಟ್ರೆಬಲ್ಲನ್ನು ಈಕ್ವಲೈಸರಿನಲ್ಲಿ ತುಸು ಇಳಿಸಿ.