ಮತಪತ್ರದಲ್ಲಿ ಪಕ್ಷದ ಹೆಸರಿಲ್ಲದ ಸೂಪರಿಂಟೆಂಡೆಂಟ್: ಓಟು ಯಾರಿಗೆ?
ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ಸೂಪರಿಂಟೆಂಡೆಂಟ್ ಅಭ್ಯರ್ಥಿಗಳ ಪಕ್ಷವೇ ಕಾಣುತ್ತಿಲ್ಲ, ಯಾರಿಗೆ ಓಟು ಹಾಕಲಿ ಎಂದು ಕೇಳಿದ್ದೀರಿ. ಪಕ್ಷದ ಹೆಸರು ಕಾಣದಿರುವುದು ಅಚ್ಚಿನ ತಪ್ಪಲ್ಲ. ಅಲ್ಲಿ ಶಾಲಾ ಶಿಕ್ಷಣದ ಸೂಪರಿಂಟೆಂಡೆಂಟ್, ಅಂದರೆ ರಾಜ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರ ಹುದ್ದೆಗೆ ನಡೆಯುವುದು ಪಕ್ಷರಹಿತ ಚುನಾವಣೆ. ಕರ್ನಾಟಕದಲ್ಲಿ ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರನ್ನು ಸರ್ಕಾರವೇ ನೇಮಿಸುವುದನ್ನು ನೋಡಿದವರಿಗೆ ಇದು ಹೊಸದು ಅನ್ನಿಸುತ್ತೆ, ಅಲ್ವಾ.

ಮೊದಲು ಮತದಾರರ ಮಾಹಿತಿ ಪುಸ್ತಕ ತೆಗೆಯಿರಿ. ಅಭ್ಯರ್ಥಿಗಳ ಹೇಳಿಕೆ ಓದುತ್ತಾ, ಈ ಹುದ್ದೆಯಿಂದ ಆಗದ ಭರವಸೆಗಳನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ನೀತಿ ರೂಪಿಸುವುದು ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯ ಸರ್ಕಾರದ ಮುಖ್ಯಸ್ಥರು) ನೇಮಿಸುವ 11 ಜನರ ರಾಜ್ಯ ಶಿಕ್ಷಣ ಮಂಡಳಿ. ಬಜೆಟ್ ಶಾಸಕರದ್ದು, ಗವರ್ನರದ್ದು. ಸೂಪರಿಂಟೆಂಡೆಂಟ್ ನಡೆಸುವುದು ಇಲಾಖೆಯನ್ನು. ಹಾಗಾಗಿ ದೊಡ್ಡ ಆಡಳಿತ ನಡೆಸಿ ಗೊತ್ತಿರುವವರು ಯಾರು ಅಂತ ನೋಡಿ. ನನಗೆ ಆಯ್ಕೆ ಸುಲಭವಾಗಿದ್ದು ಹೀಗೇ.

ಈ ಹುದ್ದೆಗೆ ಚುನಾವಣೆಗಿಂತ ನೇಮಕವೇ ಒಳ್ಳೆಯದಾ ಎಂದೂ ಕೇಳಿದ್ದೀರಿ. ಖಡಾಖಂಡಿತವಾಗಿ ಹೇಳಲಾರೆ, ಆದರೆ ನನ್ನ ಒಲವು ಆ ಕಡೆಗೇ. ಇಂಡಿಯಾನಾ ರಾಜ್ಯದಲ್ಲಿ 2012ರಲ್ಲಿ ಇದೇ ಹುದ್ದೆಗೆ ಗೆದ್ದ ಗ್ಲೆಂಡಾ ರಿಟ್ಜ್ ಅವರಿಗೂ ಗವರ್ನರ್ ಮೈಕ್ ಪೆನ್ಸ್ ಅವರಿಗೂ ವರ್ಷಗಟ್ಟಲೆ ತಿಕ್ಕಾಟ ನಡೆಯಿತು. 2021ರಿಂದ ಅಲ್ಲಿ ಗವರ್ನರೇ ನೇಮಿಸುತ್ತಾರೆ. ಆದರೆ ದಕ್ಷಿಣ ಕ್ಯಾರೊಲಿನಾದ ಮತದಾರರು 2018ರಲ್ಲಿ ಇಂಥದ್ದೇ ಬದಲಾವಣೆ ಬೇಡವೆಂದರು. ಓಟು ಕೈತಪ್ಪುವ ಅಳುಕು ನನಗೂ ಅರ್ಥವಾಗುತ್ತದೆ.

ಅದೇ ಮತಪತ್ರದಲ್ಲಿ ಸ್ಥಳೀಯ ಶಾಲಾ ಮಂಡಳಿಯ ಹೆಸರುಗಳಿದ್ದರೆ ಸುಮ್ನೆ ಖಾಲಿ ಬಿಡಬೇಡಿ. ನಿಮ್ಮ ಮಗುವಿನ ಶಾಲೆಯ ಬಗ್ಗೆ ಜಾಸ್ತಿ ತೀರ್ಮಾನಗಳು ಅಲ್ಲೇ ಆಗುವುದು.